ಉಸಿರು ಕಟ್ಟಿದ ಗಾಡಿ

ಹೊಸಹಳ್ಳಿಯ ತಲೆಯ ಮೇಲೆ ಮೆಟ್ರೋ ರೈಲು ಓಡಾಡುವ ಕಾಲದಲ್ಲಿ, ಮಾರೇನಹಳ್ಳಿಯ ಒಂದು ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಮೃಗ ವಾಸವಾಗಿತ್ತಂತೆ. ಅದಕ್ಕೆ ಕಾಲಿಲ್ಲ, ನಾಲ್ಕು ದಪ್ಪ ಚಕ್ರ. ಹುಲ್ಲು ಮುಟ್ಟೋದಿಲ್ಲ, ಪೆಟ್ರೋಲು ಕುಡಿಯುತ್ತೆ. ಮನಸ್ಸು ಬಂದರೆ ಗುಡ್ಡವನ್ನೇ ಬುಡಮೇಲು ಮಾಡೋ ಹಾಗೆ ಗುಡುಗುತ್ತೆ, ಮುನಿಸಿಕೊಂಡರೆ ಬಾಗಿಲ ಮುಂದೆಯೇ ಕಪ್ಪು ಹೊಗೆ ಉಗುಳಿ ಮಲಗಿಬಿಡುತ್ತೆ. ಆ ಮನೆಯಲ್ಲಿ ಒಬ್ಬಳು ಮೊಮ್ಮಗಳಿದ್ದಳು. ಮೃಗದ ಭಾಷೆ ತನಗೊಬ್ಬಳಿಗೇ ಗೊತ್ತು ಅಂತ ಅವಳಿಗೆ ಹೆಮ್ಮೆಯೋ ಹೆಮ್ಮೆ.

ಮೊಮ್ಮಗಳ ಹೆಸರು ಸ್ಪಂದನ. ಇಂಥ ಕತೆಗಳನ್ನು ಕೇಳಿಸಿ ಕೇಳಿಸಿ ಅವಳ ತಲೆ ಕೆಡಿಸಿದವಳು ಅಜ್ಜಿ ವಿಮಲಮ್ಮ. ಅನ್ನ ಕಲಸುವಾಗ ಒಂದು ಕತೆ, ತಲೆಗೆ ಎಣ್ಣೆ ಹಚ್ಚುವಾಗ ಒಂದು ಕತೆ. ಹಾಗಾಗಿ ದೊಡ್ಡವಳಾಗಿ, ವಿಜಯನಗರದಲ್ಲಿ ಅಪ್ಪನ ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿ ಕೂತಾಗಲೂ, ಅವಳಿಗೆ ಪಿಸ್ಟನ್ನು ಪಿಸ್ಟನ್ನಾಗಿ ಕಾಣುತ್ತಿರಲಿಲ್ಲ. ಅದು ಬಾವಿಯೊಳಗೆ ಹತ್ತಿಳಿಯುವ ರಾಕ್ಷಸ. ಕಾರ್ಬರೇಟರ್ ಅನ್ನೋದು ಅವನಿಗೆ ಗಾಳಿ ಮತ್ತು ಪೆಟ್ರೋಲನ್ನು ಹದವಾಗಿ ಕಲಸಿ ತುತ್ತು ಕೊಡುವ ಮುದುಕಿ. ಹೀಗೆ ಕನಸು ಕಾಣುತ್ತಲೇ ಅವಳು ಕೈಕೆಲಸ ಚೆನ್ನಾಗಿ ಕಲಿತಿದ್ದಳು. ಬೀದಿಯವರ ಸ್ಕೂಟರು ಕೆಮ್ಮಿದರೆ "ಮೆಕ್ಯಾನಿಕ್ ಅಮ್ಮಣ್ಣಿ ಎಲ್ಲಿ?" ಅಂತ ಹುಡುಕಿಕೊಂಡು ಬರುತ್ತಿದ್ದರು.

ಬೈಕಿನ ಹಾಗೆ ಏರಿ ಕೂತು ಓಡಿಸುವ ಆ ನಾಲ್ಕು ಚಕ್ರದ ಎಟಿವಿ ಗಾಡಿಯನ್ನು ಹಳೆಯದಾಗಿ ಕೊಂಡು ತಂದವರು ತಾತ ನಂಜುಂಡಪ್ಪ. ಹಳ್ಳಿಯ ಹೊಲವೆಲ್ಲ ಸೈಟುಗಳಾದ ಮೇಲೆ ಅವರಿಗೆ ಉಳಿದಿದ್ದು ಕೆಂಗೇರಿಯಿಂದಾಚೆ ಒಂದು ತುಂಡು ಜಮೀನು, ಅದರ ಬೆನ್ನಿಗೆ ಒಂದು ಕುರುಚಲು ಗುಡ್ಡ. "ಜಮೀನು ಸುತ್ತು ಹಾಕಕ್ಕೆ ಬೇಕು" ಅಂದಿದ್ದರು ತಾತ. ನಿಜ ಏನೆಂದರೆ ಮೊಮ್ಮಗ ಸಂಪತ್ ಆಸೆಪಟ್ಟಿದ್ದ. ಸಂಪತ್ ಅಂದರೆ ಸ್ಪಂದನಳ ಚಿಕ್ಕಪ್ಪನ ಮಗ, ಅವಳಿಗಿಂತ ಸ್ವಲ್ಪ ಚಿಕ್ಕವನು, ನಂದಿನಿ ಲೇಔಟಿನಲ್ಲಿ ಮನೆ. ಭಾನುವಾರ ಬಂತೆಂದರೆ ಗಾಡಿಯನ್ನು ಟೆಂಪೋಗೆ ಹತ್ತಿಸಿಕೊಂಡು ಕೆಂಗೇರಿ ಆಚೆಯ ಮಣ್ಣಿನ ಟ್ರ್ಯಾಕಿಗೆ ಹೋಗುತ್ತಿದ್ದ. ಓಡಿಸೋದು ಅವನು, ಬಿಚ್ಚೋದು ಅಕ್ಕ. ಹಾಗೆ ಅವರಿಬ್ಬರ ನಡುವೆ ಒಂದು ಒಪ್ಪಂದ ನಡೆದುಕೊಂಡು ಬಂದಿತ್ತು.

ಇಷ್ಟರಲ್ಲಿ ಅಜ್ಜಿಗೆ ಒಂದು ಹಳೆಯ ಹರಕೆ ನೆನಪಿಗೆ ಬಂತು.

ಸಂಪತ್ ಕೂಸಾಗಿದ್ದಾಗ ಮೈತುಂಬ ಗುಳ್ಳೆ ಎದ್ದಿದ್ದವಂತೆ. ಬಟ್ಟೆ ತಾಗಿದರೂ ಚೀರುತ್ತಿದ್ದನಂತೆ. ಜಮೀನಿನ ಬೆನ್ನಿನ ಗುಡ್ಡದ ಮೇಲಿನ ಭೈರಪ್ಪ ದೇವರಿಗೆ ಅಜ್ಜಿ, "ಮಗು ಮೈ ವಾಸಿಯಾಗ್ಲಿ, ಅವನನ್ನ ಕರ್ಕೊಂಡು ಬಂದು ಉಪ್ಪು ಮೆಣಸು ಸುರೀತೀನಿ" ಅಂತ ಹೇಳಿಕೊಂಡಿದ್ದಳು. ಮೈ ವಾಸಿಯಾಯಿತು. ಹರಕೆ ಇವತ್ತು ನಾಳೆ ಅಂತ ಮುಂದಕ್ಕೆ ಹೋಯಿತು. ಆಮೇಲೆ ಅಜ್ಜಿಯ ಮಂಡಿ ಹೋಯಿತು.

"ಮಂಡಿ ಹೋದ್ರೆ ಏನಂತೆ? ನಡ್ಕೊಂಡು ಬರ್ತೀನಿ ಅಂತ ನಾನು ಹೇಳ್ಲಿಲ್ಲ. ಬರ್ತೀನಿ ಅಂದೆ ಅಷ್ಟೆ" ಅಂದಳು ಅಜ್ಜಿ, ಲಾಯರ ಹಾಗೆ ಕಣ್ಣು ಚಿಕ್ಕದು ಮಾಡಿ. "ಆ ಗುಡುಗುಡು ಗಾಡೀಲಿ ಹಿಂದೆ ಕೂರಿಸ್ಕೊಂಡು ಹೋಗ್ತೀಯೇನೋ ಸಂಪತ್ತು?"

"ಗುಡ್ಡ ಏನ್ ಅಜ್ಜಿ, ಮೋಡದವರೆಗೂ ಬಿಟ್ಟು ಬರ್ತೀನಿ. ಕಾರ್ತೀಕ ಸೋಮವಾರ ಫಿಕ್ಸು" ಅಂದ ಅವನು.

ಅದಕ್ಕೂ ಮುಂಚೆ ಆಯುಧಪೂಜೆ ಬಂತು.

ಹಬ್ಬದ ಬೆಳಿಗ್ಗೆ ಮನೆಯ ಗಾಡಿಗಳೆಲ್ಲ ಬೀದಿಗಿಳಿದಿದ್ದವು. ಚಿಕ್ಕಪ್ಪನ ಕಾರು, ಅಪ್ಪನ ಬೈಕು, ಸ್ಪಂದನಳ ಸ್ಕೂಟರು, ಕೊನೆಗೆ ಮೃಗ. ಸಂಪತ್ ಪೈಪು ಹಿಡಿದು ಎಲ್ಲರ ಮೇಲೂ ನೀರು ಎರಚುತ್ತಿದ್ದ. ಸ್ಪಂದನ ಮೃಗದ ಫಿಲ್ಟರನ್ನು ಹಿಂದಿನ ದಿನವೇ ತೊಳೆದು ಒಣಗಿಸಿ ಕೂರಿಸಿದ್ದಳು. ಈಗ ನೀರು ಒಳಗಿಳಿಯದ ಹಾಗೆ ವೈರುಗಳಿಗೆ ಪ್ಲಾಸ್ಟಿಕ್ ಸುತ್ತಿ, ತೆರೆದ ಬಾಯಿಗಳಿಗೆಲ್ಲ ಬಟ್ಟೆ ತುರುಕಿದಳು. ಬಟ್ಟೆ ಅಂದರೆ ಅಜ್ಜಿಯ ಹಳೇ ಹತ್ತಿ ಸೀರೆಯ ಚೂರುಗಳು, ಹಸಿರು ಮೈ, ಅರಿಶಿನ ಬಣ್ಣದ ಅಂಚು. ಅಷ್ಟರಲ್ಲಿ ತಾತ "ರಾಹುಕಾಲ ಬಂದ್ಬಿಡುತ್ತೆ, ಬೇಗ ಬೇಗ" ಅಂತ ಕೂಗಿದರು. ಅವಳು ಕೈಗೆ ಸಿಕ್ಕಿದ್ದನ್ನೆಲ್ಲ ಎಳೆದು ಬಕೆಟ್ಟಿಗೆ ಹಾಕಿ, ಹೂವು ಕಟ್ಟಲು ಓಡಿದಳು.

ಬೂದುಗುಂಬಳ ಒಡೆದದ್ದಾಯಿತು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟದ್ದಾಯಿತು. ಕಾರು ಹತ್ತಿ ಇಳಿಯಿತು, ಹಣ್ಣು ಚಟ್ಟೆಂದಿತು. ಬೈಕೂ ದಾಟಿತು, ಸ್ಕೂಟರೂ ದಾಟಿತು. ಕೊನೆಗೆ ಸಂಪತ್ ಮೃಗದ ಮೇಲೆ ಕೂತ. ಅಜ್ಜಿಯೂ ಹಿಂದೆ ಹತ್ತಿಯೇ ಬಿಟ್ಟಳು. ಎದುರು ಮನೆಯ ಅನಂತಲಕ್ಷ್ಮಿ ಆಂಟಿ ಮೊಬೈಲು ಎತ್ತಿ ಹಿಡಿದರು.

ಎಂಜಿನ್ ಶುರುವಾದದ್ದೇ ಕೆಮ್ಮಿತು. ಸಂಪತ್ ಆಕ್ಸಿಲರೇಟರ್ ಒತ್ತಿದ. ಹಿಂದಿನಿಂದ ದಟ್ಟ ಕಪ್ಪು ಹೊಗೆ ಬಂದು ಹೂವಿನ ಹಾರವನ್ನೂ ಅಜ್ಜಿಯ ಹೊಸ ಸೀರೆಯನ್ನೂ ಮುಚ್ಚಿತು. ಗಾಡಿ ನಿಂಬೆಹಣ್ಣಿಗೆ ತಾಗಿ, ಅದನ್ನು ಒಡೆಯಲಾರದೆ, ಅಲ್ಲೇ ಸತ್ತಿತು.

ನಿಂಬೆಹಣ್ಣು ಒಡೆಯದೆ ನಿಂತ ಗಾಡಿ! ತಾತನ ಮುಖ ಕೆಂಪಾಯಿತು.

"ಹಬ್ಬದ ದಿನ ಹಣ್ಣಿನ ಮುಂದೆ ನಿಲ್ಲಿಸ್ದಲ್ಲೋ ಗಾಡೀನ! ಏನ್ ಮಾಡ್ದೆ ಅದಕ್ಕೆ?"

"ನಾನೇನೂ ಮಾಡಿಲ್ಲ ತಾತ. ಸ್ಟಾರ್ಟ್ ಮಾಡ್ದೆ ಅಷ್ಟೆ."

ಎಲ್ಲರೂ ಸ್ಪಂದನಳ ಕಡೆ ತಿರುಗಿದರು. ಮೃಗದ ಭಾಷೆ ಬಲ್ಲವಳು ಅವಳೊಬ್ಬಳೇ ತಾನೇ? ಅವಳು ಬಗ್ಗಿ ಸ್ಪಾರ್ಕ್ ಪ್ಲಗ್ ಬಿಚ್ಚಿದಳು. ತುದಿ ದೀಪದ ಕಾಡಿಗೆಯ ಹಾಗೆ ಕಪ್ಪಗಿತ್ತು. ಪೆಟ್ರೋಲು ಹೆಚ್ಚಾಗಿ, ಗಾಳಿ ಸಾಲದೆ ಹೋದರೆ ಹೀಗಾಗುತ್ತೆ. ಫಿಲ್ಟರನ್ನು ತಾನೇ ತೊಳೆದಿದ್ದಾಳೆ. ಅಂದ ಮೇಲೆ ಗಾಳಿಯದು ತಪ್ಪಿರಲು ಸಾಧ್ಯವೇ ಇಲ್ಲ. ಪೆಟ್ರೋಲಿನದೇ.

"ಟ್ರ್ಯಾಕ್ ಹತ್ರ ಯಾರ ಕೈಲೋ ಕಾರ್ಬರೇಟರ್ ಬಿಚ್ಚಿಸಿದಾನೆ ತಾತ. ಸ್ಪೀಡ್ ಬರ್ಲಿ ಅಂತ ದೊಡ್ಡ ಜೆಟ್ ಹಾಕ್ಸಿದಾನೆ. ಈ ಹೊಗೆ ನೋಡಿದ್ರೇ ಗೊತ್ತಾಗುತ್ತೆ."

"ಅಕ್ಕಾ, ನಾನು ಮುಟ್ಟಿಲ್ಲ ಕಣೇ!"

"ಮುಟ್ದೇ ಇದ್ರೆ ತಾನಾಗೇ ದೊಡ್ಡದಾಯ್ತಾ?"

ಯಾರೋ ನಕ್ಕರು. ಅನಂತಲಕ್ಷ್ಮಿ ಆಂಟಿ, "ಹುಡುಗ್ರ ಕೈಗೆ ಗಾಡಿ ಕೊಟ್ರೆ ಇನ್ನೇನಾಗುತ್ತೆ ಬಿಡಿ" ಅಂದರು. ಚಿಕ್ಕಪ್ಪ ಮಗನ ಪರವಾಗಿ ಒಂದು ಮಾತೂ ಆಡಲಿಲ್ಲ. ತಾತ ಕೈ ಚಾಚಿದರು. ಸಂಪತ್ ಬೀಗದಕೈ ಕೊಟ್ಟು, ಹಬ್ಬದೂಟಕ್ಕೂ ನಿಲ್ಲದೆ, ನಂದಿನಿ ಲೇಔಟಿಗೆ ಹೊರಟುಹೋದ.

"ಹೆದರ್ಬೇಡ ಅಜ್ಜಿ. ನಾನು ರಿಪೇರಿ ಮಾಡಿ, ನಾನೇ ನಿನ್ನ ಗುಡ್ಡ ಹತ್ತಿಸ್ತೀನಿ" ಅಂದಳು ಸ್ಪಂದನ. ಅಜ್ಜಿ ಮಸಿ ಹತ್ತಿದ ಸೆರಗನ್ನು ನೋಡುತ್ತಾ, "ಹರಕೆ ಅವನದು ಕಣೇ" ಅಂದಳು, ಮೆಲ್ಲಗೆ. ಸ್ಪಂದನ ಕೇಳಿಸದವಳ ಹಾಗೆ ಇದ್ದುಬಿಟ್ಟಳು.

ಹಬ್ಬ ಕಳೆದ ಮೇಲೆ ಶೆಡ್ಡಿನಲ್ಲಿ ಕೂತು ಕಾರ್ಬರೇಟರ್ ಬಿಚ್ಚಿದಳು. ಜೆಟ್ ಅಂದರೆ ಪೆಟ್ರೋಲು ಇಳಿಯುವ ತೂತಿರುವ ಒಂದು ಪುಟ್ಟ ಹಿತ್ತಾಳೆ ತಿರುಪು. ತೂತು ಸಾಸಿವೆ ಕಾಳಿಗಿಂತ ಚಿಕ್ಕದು. ಅದರ ತಲೆಯ ಮೇಲೆ ಅಳತೆಯ ನಂಬರು ಕೊರೆದಿರುತ್ತಾರೆ. ಬೆಳಕಿಗೆ ಹಿಡಿದು ನೋಡಿದಳು.

ಹಿಂದೆ ತಾನೇ ಕೂರಿಸಿದ್ದ ಜೆಟ್. ಅದೇ ನಂಬರು. ತಿರುಪಿನ ತಲೆಯ ಸೀಳಿನಲ್ಲಿ ತನ್ನ ಸ್ಕ್ರೂಡ್ರೈವರ್ ಜಾರಿ ಆದ ಗೀರು ಕೂಡ ಹಾಗೇ ಇತ್ತು.

ಸಂಪತ್ ಮುಟ್ಟಿರಲಿಲ್ಲ.

ಆಗಲೇ ಎದ್ದು ಒಳಗೆ ಹೋಗಿ "ತಾತ, ನಾನು ತಪ್ಪು ಹೇಳ್ದೆ" ಅಂದಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಕಿವಿ ಬಿಸಿಯಾಯಿತು. ಒಳಗೆ ತಾತ ಯಾರಿಗೋ ಫೋನಿನಲ್ಲಿ, "ಏ, ನಮ್ಮ ಸ್ಪಂದನ ಒಂದೇ ನೋಟಕ್ಕೆ ಕಂಡುಹಿಡಿದುಬಿಟ್ಲು" ಅನ್ನುತ್ತಿದ್ದರು. ಅವಳು ಜೆಟ್ಟನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡಳು. ತೂತು ಸವೆದಿರಬಹುದು, ಅದಕ್ಕೇ ಹೀಗೆ, ಅಂತ ಮನಸ್ಸಿಗೆ ಹೇಳಿಕೊಂಡಳು. ಮೊದಲು ಗಾಡಿ ಸರಿಯಾಗಲಿ, ಆಮೇಲೆ ಹೇಳಿದರಾಯಿತು. ಸರಿಯಾದ ಮೇಲೆ ಕೇಳೋರು ಯಾರು?

ಅಂಗಡಿಯಿಂದ ಚಿಕ್ಕ ತೂತಿನ ಜೆಟ್ ತಂದಳು. ಹೊಗೆ ಕಡಿಮೆಯಾಯಿತು, ನಿಲ್ಲಲಿಲ್ಲ. ಅದಕ್ಕಿಂತ ಚಿಕ್ಕದು ಹಾಕಿದಳು. ಗಾಳಿ ಪೆಟ್ರೋಲಿನ ತಿರುಪನ್ನು ಅತ್ತ ಇತ್ತ ತಿರುಗಿಸಿದಳು. ಹೊಗೆ ನಿಂತಿತು, ಆದರೆ ಜೊತೆಗೆ ಗಾಡಿಯ ಜೀವವೂ ಹೋದ ಹಾಗಾಯಿತು. ಮಾರೇನಹಳ್ಳಿಯ ಸಮ ರಸ್ತೆಯಲ್ಲೇ ಮುಲುಗುತ್ತಿತ್ತು. ಇನ್ನು ಗುಡ್ಡ ಹತ್ತುವುದೆಲ್ಲಿ ಬಂತು?

ಹಾಗಾದರೆ ಎಳೆತ ಹೆಚ್ಚಿಸೋಣ ಅಂತ ಚೈನಿನ ಕಡೆ ತಿರುಗಿದಳು. ಎಂಜಿನ್ ಕಡೆಯ ಹಲ್ಲುಚಕ್ರ, ಅಂದರೆ ಸ್ಪ್ರಾಕೆಟ್, ಚಿಕ್ಕದಾದಷ್ಟೂ, ಹಿಂದಿನ ಚಕ್ರದ್ದು ದೊಡ್ಡದಾದಷ್ಟೂ ಗಾಡಿಯ ಓಟ ಕಡಿಮೆ, ಎಳೆತ ಜಾಸ್ತಿ. ಎಲ್ಲರೂ ಎರಡರಲ್ಲಿ ಒಂದನ್ನು ಬದಲಾಯಿಸುತ್ತಾರೆ. ಅವಳು ಎರಡನ್ನೂ ಬದಲಾಯಿಸಿದಳು. ಹಿಂದಕ್ಕೆ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಸ್ಪ್ರಾಕೆಟ್ ಕೂರಿಸಿದಳು, ಊಟದ ತಟ್ಟೆಯಷ್ಟಗಲದ್ದು.

ದೀಪಾವಳಿ ಬಂತು. ಸಂಪತ್ ಬರಲಿಲ್ಲ. ಚಿಕ್ಕಮ್ಮ ಮಾತ್ರ ಕಜ್ಜಾಯದ ಡಬ್ಬಿ ಹಿಡಿದು ಬಂದು, "ಅವನಿಗೆ ಡ್ಯೂಟಿ ಇತ್ತು" ಅಂದರು. ಸ್ಪಂದನ ಆ ಕಜ್ಜಾಯವನ್ನು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದಳು.

ಕಾರ್ತೀಕದ ಕೊನೆಯ ಸೋಮವಾರ ಹತ್ತಿರವಾಯಿತು. ಒಂದು ಬೆಳಿಗ್ಗೆ ಗಾಡಿಯನ್ನು ಜಮೀನಿಗೆ ಸಾಗಿಸಿ, ಅಜ್ಜಿಯ ತೂಕಕ್ಕೆ ಒಂದು ರಾಗಿ ಮೂಟೆ ಇಟ್ಟು, ಹತ್ತಿಸಿ ನೋಡೋಣ ಅಂದುಕೊಂಡಳು. ಮೂಟೆ ಕಟ್ಟುವುದನ್ನು ಕಂಡು ಅಜ್ಜಿ, "ನಾನಿನ್ನೂ ಬದುಕಿದೀನಿ ಕಣೇ, ಆಗ್ಲೇ ಮೂಟೆ ಮಾಡ್ಬಿಟ್ಟೆ" ಅಂದಿದ್ದಳು.

ಜಮೀನು ನೋಡಿಕೊಳ್ಳುವ ಮುನಿಯಣ್ಣ ಬೇವಿನ ಮರದ ಕೆಳಗೆ ಬೀಡಿ ಸೇದುತ್ತಾ ಕೂತಿದ್ದ. ಸ್ಪಂದನ ಮೂಟೆ ಕಟ್ಟಲು ಹಗ್ಗ ತೂರಿಸಬೇಕೆಂದು ಸೀಟನ್ನು ಎತ್ತಿ ಪಕ್ಕಕ್ಕಿಟ್ಟಳು. ಸೀಟಿನ ಕೆಳಗೆ, ಫಿಲ್ಟರಿನ ಡಬ್ಬಿಯಿಂದ ಹಿಂದಕ್ಕೆ ಬಾಗಿದ ಒಂದು ಕೊಳವೆ. ಮೃಗದ ಮೂಗು. ಇಡೀ ಎಂಜಿನ್ ಉಸಿರೆಳೆದುಕೊಳ್ಳುವುದು ಅದರಿಂದಲೇ.

ಮೂಗಿನ ತುದಿಯಲ್ಲಿ ಅರಿಶಿನ ಬಣ್ಣದ ಒಂದು ಅಂಚು ಇಣುಕುತ್ತಿತ್ತು.

ಎಳೆದಳು. ಬಂತು. ಇನ್ನೂ ಎಳೆದಳು, ಇನ್ನೂ ಬಂತು. ಹಸಿರು ಹತ್ತಿ ಸೀರೆಯ ಚೂರು, ಗಾಳಿಯ ಸೆಳೆತಕ್ಕೆ ಒಳಕ್ಕೊಳಕ್ಕೆ ಹೋಗಿ ಗಟ್ಟಿಯಾಗಿ ಮುದುಡಿಕೊಂಡಿತ್ತು. ತೊಳೆಯುವ ಮುಂಚೆ ತಾನೇ ತುರುಕಿದ್ದು. ತೆಗೆಯಲು ಮರೆತದ್ದೂ ತಾನೇ.

ಅವಳು ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಮಣ್ಣಿನ ಮೇಲೆ ಕುಸಿದು ಕೂತಳು. ಪಾಪದ ಪ್ರಾಣಿ, ಉಸಿರು ಕಟ್ಟಿದೆ ಅಂತ ಹೊಗೆಯಲ್ಲಿ ಹೇಳಿತ್ತು. ಭಾಷೆ ಬಲ್ಲವಳು ಅದಕ್ಕೆ ಊಟ ಕಡಿಮೆ ಮಾಡಿದಳು. ಮತ್ತೂ ಕಡಿಮೆ ಮಾಡಿದಳು. ತಮ್ಮನ ಹೆಸರು ಹೇಳಿ ಬೀದಿಯಲ್ಲಿ ನಗಿಸಿದಳು.

"ಏನಮ್ಮಣ್ಣಿ ಅದು? ಇಲಿಯಾ?" ಅಂದ ಮುನಿಯಣ್ಣ ದೂರದಿಂದ.

"ಏನಿಲ್ಲ ಮುನಿಯಣ್ಣ. ಬಟ್ಟೆ." ಅದನ್ನೂ ಜೇಬಿಗೆ ತುರುಕಿದಳು. ಜೇಬಿನಲ್ಲಿ ಹಳೆಯ ಜೆಟ್ ಕೈಗೆ ತಣ್ಣಗೆ ತಾಗಿತು.

ಗಾಡಿ ಶುರು ಮಾಡಿದಳು. ಈಗ ಗಾಳಿ ಬೇಕಾದಷ್ಟು, ಪೆಟ್ರೋಲು ಸಾಲದು. ಫಟ್ ಫಟ್ ಅಂತ ಪಟಾಕಿ ಸಿಡಿದ ಹಾಗೆ ಸಿಡಿಯಿತು. ಅಲ್ಲೇ ಕಾರ್ಬರೇಟರ್ ಬಿಚ್ಚಿ, ಜೇಬಿನ ಹಳೇ ಜೆಟ್ಟನ್ನು ಅದರ ಜಾಗಕ್ಕೆ ಕೂರಿಸಿದಳು. ಈ ಸಲ ಮೃಗ ಒಂದೇ ಕಿಕ್ಕಿಗೆ ಎದ್ದು, ಗಂಟಲು ಬಿಚ್ಚಿ ಹಾಡಿತು. ಎಷ್ಟು ಚೆಂದದ ದನಿ! ಅದನ್ನು ಕೇಳಿ ಅವಳಿಗೆ ಅಳು ಬಂತು.

ಆದರೆ ತಟ್ಟೆಯಗಲದ ಸ್ಪ್ರಾಕೆಟ್ ಹಾಗೇ ಇತ್ತಲ್ಲ. ಅರೆಜೀವದ ಗಾಡಿಗೆಂದು ಹಾಕಿದ್ದ ಎಳೆತ ಅದು. ಮೂಟೆ ಕಟ್ಟಿಕೊಂಡು ಗುಡ್ಡದ ಬುಡದ ಏರಿಗೆ ಬಂದು ಆಕ್ಸಿಲರೇಟರ್ ಒತ್ತಿದಳೋ ಇಲ್ಲವೋ, ಮುಂದಿನ ಎರಡು ಚಕ್ರ ಕುದುರೆಯ ಹಾಗೆ ಮೇಲೆದ್ದವು. ಅವಳು ಪಕ್ಕಕ್ಕೆ ಹಾರಿದಳು. ಗಾಡಿ ಧಡಾರನೆ ನಾಲ್ಕೂ ಚಕ್ರದ ಮೇಲೆ ಬಿದ್ದು ಆಫ್ ಆಯಿತು. ಮೂಟೆ ಹಗ್ಗ ಹರಿದುಕೊಂಡು ಉರುಳಿ, ಕಲ್ಲಿಗೆ ಬಡಿದು ಬಾಯಿ ಬಿಟ್ಟಿತು.

"ಅಯ್ಯಯ್ಯೋ, ಅಜ್ಜಮ್ಮ ಬಿದ್ದೋದ್ರಲ್ಲ!" ಅಂತ ಮುನಿಯಣ್ಣ ಓಡಿ ಬಂದ. ತಮಾಷೆಗೇ ಅಂದಿದ್ದು. ಸ್ಪಂದನಳಿಗೆ ನಗು ಬರಲಿಲ್ಲ. ಇಳಿಜಾರಿನ ತುಂಬ ಚೆಲ್ಲಿದ ಕೆಂಪು ರಾಗಿಯನ್ನು ನೋಡುತ್ತಾ ನಿಂತಳು. ಮೂಟೆಯ ಜಾಗದಲ್ಲಿ ಅಜ್ಜಿ ಇದ್ದಿದ್ದರೆ?

ಸಂಜೆ ಮನೆಗೆ ಬಂದಾಗ ಅಜ್ಜಿ ಜಗಲಿಯಲ್ಲಿ ಹೂಬತ್ತಿ ಹೊಸೆಯುತ್ತಿದ್ದಳು. ಸ್ಪಂದನ ಪಕ್ಕದಲ್ಲಿ ಕೂತು, ಅಜ್ಜಿಯ ಹಾಗೆಯೇ ಗಂಟಲು ಸರಿಮಾಡಿಕೊಂಡಳು.

"ಅಜ್ಜಿ, ಒಂದು ಕತೆ ಹೇಳ್ಲಾ? ಒಂದೂರಲ್ಲಿ ಒಂದು ಮೃಗ ಇತ್ತಂತೆ. ಅದನ್ನ ನೋಡ್ಕೊಳ್ಳೋ ಹುಡುಗಿ ಒಬ್ಬಳಿದ್ದಳಂತೆ. ಒಂದಿನ ಸ್ನಾನ ಮಾಡಿಸೋವಾಗ, ನೀರು ಹೋಗದೇ ಇರ್ಲಿ ಅಂತ ಅದರ ಮೂಗಿಗೆ ಬಟ್ಟೆ ತುರುಕಿ, ಮರ್ತೇಬಿಟ್ಟಳಂತೆ. ಮೃಗಕ್ಕೆ ಉಸಿರು ಕಟ್ಟಿ ಬಿದ್ದಾಗ, ಅದನ್ನ ಓಡಿಸೋ ಹುಡುಗನೇ ಏನೋ ತಿನ್ನಿಸಿದಾನೆ ಅಂತ ರಾಜನ ಮುಂದೆ…"

ಅಜ್ಜಿಯ ಕೈ ನಿಂತಿತು. "ಆ ಹುಡುಗಿ ಹೆಸರೇನು?"

"ಕತೆ ಅಜ್ಜಿ. ಹೆಸರಿಲ್ಲ."

"ನಾನು ನಿಂಗೆ ಸಾವಿರ ಕತೆ ಹೇಳಿದೀನಿ, ನುಣುಚ್ಕೊಳ್ಳಕ್ಕೆ ಒಂದೂ ಹೇಳಿಲ್ಲ. ಹೆಸರು ಹೇಳು."

ಸ್ಪಂದನ ಜೇಬಿನಿಂದ ಬಟ್ಟೆ ತೆಗೆದು ಅಜ್ಜಿಯ ಮಡಿಲಲ್ಲಿಟ್ಟಳು. ಅಜ್ಜಿ ಅಂಚನ್ನು ಬೆರಳಿನಿಂದ ನೇವರಿಸಿ, ತನ್ನ ಸೀರೆಯನ್ನು ಗುರುತು ಹಿಡಿದಳು.

"ನಾನೇ ಅಜ್ಜಿ" ಅಂದಳು ಸ್ಪಂದನ. "ಅವನು ಜೆಟ್ ಮುಟ್ಟಿಲ್ಲ ಅಂತ ಹಬ್ಬ ಆದ ಮೇಲೆ ಬಿಚ್ಚಿದಾಗ್ಲೇ ಗೊತ್ತಾಗಿತ್ತು. ಆಗ್ಲೂ ಹೇಳ್ಲಿಲ್ಲ."

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬಟ್ಟೆಯನ್ನು ಮಡಿಸಿ ಅವಳ ಕೈಗೇ ವಾಪಸ್ಸು ಕೊಟ್ಟು, ಮತ್ತೆ ಬತ್ತಿ ಹೊಸೆಯತೊಡಗಿದಳು.

ಮರುದಿನ ಸ್ಪಂದನ ಸ್ಕೂಟರು ಹತ್ತಿ ನಂದಿನಿ ಲೇಔಟಿಗೆ ಹೋದಳು. ಸಂಪತ್ ಗೇಟಿನ ಮುಂದೆ ಬೈಕು ಒರೆಸುತ್ತಿದ್ದ. ಇವಳನ್ನು ನೋಡಿ ಬಗ್ಗಿದವನು ಏಳಲಿಲ್ಲ.

"ಓಹೋ, ಮೇಡಂ ಬಂದ್ರು. ಬನ್ನಿ ಮೇಡಂ. ಇಲ್ಲೂ ಏನಾದ್ರೂ ಹಾಳು ಮಾಡಿದೀನಾ?"

ಹುಟ್ಟಿದಾಗಿನಿಂದ ಅಕ್ಕ ಅಂದವನ ಬಾಯಲ್ಲಿ ಆ ಮೇಡಂ ಅನ್ನೋ ಮಾತು! ಬಟ್ಟೆಯನ್ನು ಮುಂದೆ ಹಿಡಿದು, ತಡವರಿಸುತ್ತಾ, ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಅವನು ಒರೆಸುವುದನ್ನು ನಿಲ್ಲಿಸದೆ ಕೇಳಿದ.

"ಇದನ್ನ ನಂಗ್ಯಾಕೆ ಹೇಳ್ತೀಯ?" ಅಂದ ಕೊನೆಗೆ. "ನಾನು ಮುಟ್ಟಿಲ್ಲ ಅಂತ ನಂಗೆ ಮೊದ್ಲಿಂದ್ಲೂ ಗೊತ್ತು. ಗೊತ್ತಿಲ್ಲದೇ ಇರೋರಿಗೆ ಹೋಗಿ ಹೇಳು."

"ಸೋಮವಾರ ಬರ್ತೀಯಾ?"

ಅವನು ಬಕೆಟ್ಟಿನ ನೀರನ್ನು ರಸ್ತೆಗೆ ಚೆಲ್ಲಿದ.

ಗೊತ್ತಿಲ್ಲದೇ ಇರೋರು ಅಂದರೆ ಇಡೀ ಬೀದಿ. ಭಾನುವಾರ ಬೆಳಿಗ್ಗೆ ತಾತ ಗೇಟಿನ ಬಳಿ ಪೇಪರು ಓದುತ್ತಾ ಕೂತಿರುತ್ತಾರೆ, ಅನಂತಲಕ್ಷ್ಮಿ ಆಂಟಿ ರಂಗೋಲಿ ಮುಗಿಸಿ ಸೊಂಟ ಹಿಡಿದು ನಿಂತಿರುತ್ತಾರೆ, ಹಾಲಿನವನು, ತರಕಾರಿಯವಳು ಎಲ್ಲ ಇರುತ್ತಾರೆ. ಸ್ಪಂದನ ಬಟ್ಟೆ ಹಿಡಿದು ಗೇಟಿನ ಹತ್ತಿರ ಬಂದಳು. ಒಳಗೆ ಹೋಗಿ ತಾತನೊಬ್ಬರಿಗೇ ಹೇಳಿಬಿಡಲೇ ಅಂತ ಕಾಲು ಹಿಂದೆ ಸರಿಯಿತು. ಅಂಥ ಆಸೆ ಬಂದದ್ದಕ್ಕೇ ಇನ್ನಷ್ಟು ನಾಚಿಕೆಯಾಯಿತು.

"ತಾತ, ಗಾಡಿ ಕೆಡಿಸಿದ್ದು ಸಂಪತ್ ಅಲ್ಲ. ನಾನು" ಅಂದಳು. ದನಿ ಬೇಕಾದ್ದಕ್ಕಿಂತ ಜೋರಾಗಿ ಬಂತು. ಬಟ್ಟೆ ತೋರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಜೆಟ್ ನೋಡಿದ ಮೇಲೂ ಬಾಯಿ ಮುಚ್ಚಿಕೊಂಡದ್ದನ್ನೂ ಬಿಡಲಿಲ್ಲ.

ತಾತ ಪೇಪರು ಮಡಿಸಿದರು. ಬಿಚ್ಚಿದರು. ಮತ್ತೆ ಮಡಿಸಿದರು. ಎದುರು ಮನೆಯಿಂದ ಆಂಟಿ, "ಅಲ್ವೇ ಸ್ಪಂದನ, ಆವತ್ತು ಎಷ್ಟು ಖಂಡಿತವಾಗಿ ಹೇಳ್ದೆಯಲ್ಲೇ! ನಾನೂ ಆ ಹುಡುಗನ್ನ ಅಂದ್ಬಿಟ್ಟೆ" ಅಂದರು. ಕೆನ್ನೆಗೆ ಹೊಡೆದ ಹಾಗಾಯಿತು. ತರಕಾರಿಯವಳು ಸೊಪ್ಪು ಜೋಡಿಸುವ ನೆಪದಲ್ಲಿ ಕೆಳಗೆ ನೋಡಿದಳು.

"ನಾನು ತಾನೇ ಬೀಗದಕೈ ಕಿತ್ಕೊಂಡಿದ್ದು" ಅಂದರು ತಾತ, ಯಾರಿಗೆ ಅಂತಿಲ್ಲದೆ. ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ಅವರ ದನಿ ಕೇಳಿಸಿತು. ಯಾವಾಗಲೂ ಬೀದಿಗೆಲ್ಲ ಕೇಳುವ ಹಾಗೆ ಮಾತಾಡುವವರು, ಆವತ್ತು ಬಾಗಿಲಾಚೆಗೂ ಕೇಳದಷ್ಟು ಮೆಲ್ಲಗೆ ಮಾತಾಡಿದರು.

ಸೋಮವಾರ ಬೆಳಿಗ್ಗೆ ಸ್ಪಂದನ ಎಲ್ಲರಿಗಿಂತ ಮುಂಚೆ ಜಮೀನಿಗೆ ಬಂದು, ಹಿಂದಿನ ದೊಡ್ಡ ಸ್ಪ್ರಾಕೆಟ್ ಬಿಚ್ಚಿ ಹಳೆಯದನ್ನು ಕೂರಿಸುತ್ತಿದ್ದಳು. ಬೈಕಿನ ಸದ್ದು ಕೇಳಿಸಿತು. ತಲೆ ಎತ್ತುವ ಧೈರ್ಯವಾಗಲಿಲ್ಲ. ಎರಡು ಕಾಲು ಬಂದು ಪಕ್ಕದಲ್ಲಿ ನಿಂತವು.

"ಮುಂದಿನದು ಚಿಕ್ಕದೇ ಇರ್ಲಿ. ಅದನ್ನೂ ತೆಗೆದ್ರೆ ಎಳೆಯಲ್ಲ" ಅಂದ ಸಂಪತ್.

"ಹೂಂ."

ಅವನು ಕೂತು ಚೈನು ಹಿಡಿದ. ಅವಳು ಗಾಡಿಯ ಹಿಂದಿನ ಅಚ್ಚನ್ನು ಸರಿಸಿ ಚೈನಿನ ಸಡಿಲ ನೋಡಿದಳು. ಬೋಲ್ಟು ಬಿಗಿದಳು. ಎಂಜಿನ್ ಶುರು ಮಾಡಿ ಬಿಸಿಯಾಗಲು ಬಿಟ್ಟರು. ಕೊನೆಯದಾಗಿ ಗಾಳಿ ಪೆಟ್ರೋಲಿನ ಹದ ಹಿಡಿಯುವ ಪುಟ್ಟ ತಿರುಪು ಉಳಿದಿತ್ತು. ಯಾವಾಗಲೂ ಅವಳೊಬ್ಬಳೇ ಕಣ್ಣು ಮುಚ್ಚಿ, ದನಿ ಕೇಳಿ ಹಿಡಿಯುತ್ತಿದ್ದ ಹದ. ಇವತ್ತು ಸ್ಕ್ರೂಡ್ರೈವರ್ ಇಟ್ಟ ಕೈ ಅಲ್ಲಾಡಲಿಲ್ಲ. ತನ್ನ ಕಿವಿಯ ಮೇಲೆ ಅವಳಿಗೆ ನಂಬಿಕೆ ಹೋಗಿತ್ತು.

"ನೀನು ಹೇಳು" ಅಂದಳು.

ಸಂಪತ್ ಅವಳ ಮುಖ ನೋಡಿದ. ಆಮೇಲೆ ತಲೆ ಬಾಗಿಸಿ ಕೇಳಿದ. "ಇನ್ನೊಂಚೂರು ಬಿಚ್ಚು. ಇನ್ನೊಂಚೂರು. ಜಾಸ್ತಿಯಾಯ್ತು, ವಾಪಸ್ ಬಾ. ಹಾಂ, ಅಲ್ಲೇ." ಎಂಜಿನ್ ಒಂದೇ ಸಮನೆ ಗುನುಗಿತು. ಬೇಲಿಯುದ್ದಕ್ಕೂ ಒಂದು ಸುತ್ತು ಓಡಿಸಿ ಬಂದು ಪ್ಲಗ್ ಬಿಚ್ಚಿದರು. ತುದಿ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಇಬ್ಬರೂ ಒಮ್ಮೆಲೇ ಉಸಿರು ಬಿಟ್ಟರು, ಬಿಟ್ಟದ್ದು ಗೊತ್ತಾಗಿ ಇಬ್ಬರೂ ಬೇರೆ ಕಡೆ ನೋಡಿದರು.

ಕಾರಿನಲ್ಲಿ ತಾತ, ಅಜ್ಜಿ ಬಂದರು. ಅಜ್ಜಿಯ ಮಡಿಲಲ್ಲಿ ಉಪ್ಪು ಮೆಣಸಿನ ಗಂಟು. ತಾತ ಬೀಗದಕೈಯ ಇನ್ನೊಂದು ಜೊತೆಯನ್ನು ಸಂಪತ್‌ನ ಅಂಗಿ ಜೇಬಿಗೆ ತಾವೇ ಹಾಕಿ, ಅಂಗಿಯ ಧೂಳು ಕೊಡವುವವರ ಹಾಗೆ ಅವನ ಎದೆಯನ್ನು ತಟ್ಟಿದರು.

"ಯಾರೋ ನನ್ನನ್ನ ಹೊತ್ಕೊಂಡು ಹೋಗೋರು?" ಅಂದಳು ಅಜ್ಜಿ.

"ಅವನು ಅಜ್ಜಿ. ಹರಕೆ ಅವನದು" ಅಂದಳು ಸ್ಪಂದನ.

ಸೀರೆ ಸಿಕ್ಕದ ಹಾಗೆ ಅಜ್ಜಿಯ ನೆರಿಗೆಯನ್ನು ಮಡಿಸಿ, ಅದೇ ಹಸಿರು ಬಟ್ಟೆಯಿಂದ ಸುತ್ತಿ ಕಟ್ಟಿದಳು. ಗಾಡಿ ಹೊರಟಿತು. ಅವಳು ಹಿಂದೆಯೇ ಓಡುತ್ತಾ ನಡೆದಳು, ಜಾರಿದರೆ ಹಿಡಿಯೋಣ ಅಂತ. ಮುಂದಿನ ಚಕ್ರಗಳು ಏಳಲಿಲ್ಲ. ಹೊಗೆ ಇಲ್ಲ, ಕೆಮ್ಮಿಲ್ಲ. ಮೊನ್ನೆ ಚೆಲ್ಲಿದ ರಾಗಿಯನ್ನು ಅಲ್ಲಲ್ಲಿ ಹಕ್ಕಿಗಳು ಹೆಕ್ಕುತ್ತಿದ್ದವು, ಗಾಡಿ ಬಂದಾಗ ಎದ್ದು, ಹೋದ ಮೇಲೆ ಕೂತವು. ಮೇಲಿನಿಂದ ಅಜ್ಜಿಯ ಬೈಗುಳ ಕೇಳಿಸುತ್ತಿತ್ತು. "ಮೆಲ್ಲಗೋ! ಭೈರಪ್ಪನ್ನೇನು ಗುದ್ದಿ ಕೆಡವ್ತೀಯಾ?"

ನೆತ್ತಿಯಲ್ಲಿ ಜಾಗ ಕಡಿದಾಗಿತ್ತು. ಸಂಪತ್ ಗಾಡಿಯನ್ನು ಇಳಿಯುವ ಕಡೆಗೆ ತಿರುಗಿಸಿ ನಿಲ್ಲಿಸಿದ. ಗಾಡಿಯ ಕೈಬ್ರೇಕಿನ ಕೊಂಡಿ ಸಡಿಲ, ಬಿಟ್ಟರೆ ಕೆಳಕ್ಕೆ ಉರುಳುತ್ತಿತ್ತು. ಸಂಪತ್ ಅಜ್ಜಿಯನ್ನು ಎತ್ತಿ ಇಳಿಸಬೇಕು, ಯಾರಾದರೂ ಬ್ರೇಕು ಹಿಡಿಯಬೇಕು. ಏದುಸಿರು ಬಿಡುತ್ತಾ ಬಂದ ಸ್ಪಂದನ ಗಾಡಿಯ ಮೇಲೆ ಕೂತು ಬ್ರೇಕು ಒತ್ತಿ ಹಿಡಿದಳು. ಅವಳ ಮುಖ ಇಳಿಜಾರಿನ ಕಡೆ, ಕಲ್ಲು ದೇವರು ಬೆನ್ನ ಹಿಂದೆ.

"ಬಿಡಬೇಡ ಅಕ್ಕ" ಅಂದ ಸಂಪತ್, ಅಜ್ಜಿಯನ್ನು ತೋಳಲ್ಲಿ ಎತ್ತಿಕೊಳ್ಳುತ್ತಾ.

"ಬಿಡಲ್ಲ ಕಣೋ."

ಅವಳು ತಿರುಗಿ ನೋಡಲಿಲ್ಲ. ನೋಡಿದರೆ ಕೈ ಸಡಿಲವಾದೀತು. ಕೆಳಗೆ ದೂರದಲ್ಲಿ ಕೆಂಗೇರಿಯ ಮನೆಗಳು ಬಿಸಿಲಿಗೆ ಮಿನುಗುತ್ತಿದ್ದವು. ಹಿಂದೆ ಗಂಟು ಬಿಚ್ಚಿದ ಸದ್ದು, ಅಜ್ಜಿ ಏನೋ ಗೊಣಗಿದ ಸದ್ದು, "ನನ್ನ ಕೈ ಮೇಲೆ ಕೈ ಇಡೋ" ಅಂದದ್ದು. ಆಮೇಲೆ ಕಲ್ಲಿನ ಮೇಲೆ ಹರಳುಪ್ಪೂ ಕರಿಮೆಣಸೂ ಸುರಿದ ಸದ್ದು, ಸಣ್ಣ ಮಳೆಯ ಹಾಗೆ, ಅಜ್ಜಿಯ ಗಂಟು ಬರಿದಾಗುವವರೆಗೆ.